ಬಲಿಪೀಠಕ್ಕೆ ಮುನ್ನ ನೆರೆಯವನ ಬಾಗಿಲಿಗೆ



ಯೆಹೂದ್ಯರ ವರ್ಷದಲ್ಲಿ ಅತ್ಯಂತ ಪವಿತ್ರವಾದ ದಿನವು ಹಬ್ಬದೂಟದ ದಿನವಲ್ಲ, ಉಪವಾಸದ ದಿನ. ತಿಶ್ರಿ ಮಾಸದ 10ನೆಯ ದಿನದಂದು ಬರುವ ಅದರ ಹೆಸರು ಯೋಮ್ ಕಿಪ್ಪೂರ್, ಅಂದರೆ ದೋಷಪರಿಹಾರದ ದಿನ. ಸೂರ್ಯಾಸ್ತದ ವೇಳೆಗೆ ಆರಂಭವಾಗಿ ಸುಮಾರು 25 ಗಂಟೆಗಳ ಕಾಲ ಭಕ್ತರು ಅನ್ನನೀರು ಮುಟ್ಟದೆ ಪ್ರಾರ್ಥನೆಯಲ್ಲಿ ಕಳೆಯುತ್ತಾರೆ. 'ನಾನು' ಎನ್ನದೆ 'ನಾವು' ಪಾಪ ಮಾಡಿದೆವು ಎಂದು ಒಟ್ಟಾಗಿ ನಿವೇದಿಸಿಕೊಳ್ಳುತ್ತಾರೆ.

ಈ ಆಚರಣೆಯ ಮೂಲ ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿದೆ. ಜೆರುಸಲೇಮಿನ ಮಹಾದೇವಾಲಯದಲ್ಲಿ ಪ್ರಧಾನಯಾಜಕನು ಪರಮಪವಿತ್ರ ಸ್ಥಳವನ್ನು ಆ ಒಂದು ದಿನ ಮಾತ್ರ ಪ್ರವೇಶಿಸುತ್ತಿದ್ದನು. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ನಾಶಮಾಡಿದಾಗ ಬಲಿಯರ್ಪಣೆ ನಿಂತಿತು, ಪಶ್ಚಾತ್ತಾಪ ಉಳಿಯಿತು.

ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ 'ಮಿಶ್ನಾ' ಎಂಬ ಧರ್ಮಸಂಹಿತೆ ಇಲ್ಲೊಂದು ಗೆರೆ ಎಳೆಯುತ್ತದೆ. ದೇವರ ವಿರುದ್ಧದ ಪಾಪಗಳಿಗೆ ಈ ದಿನ ಪರಿಹಾರ ನೀಡುತ್ತದೆ. ನೆರೆಯವನಿಗೆ ಮಾಡಿದ ಅನ್ಯಾಯಕ್ಕಾದರೋ, ಅವನನ್ನು ಸಮಾಧಾನಪಡಿಸುವ ತನಕ ನೀಡುವುದಿಲ್ಲ. ಆದ್ದರಿಂದ ಉಪವಾಸಕ್ಕೆ ಮುನ್ನವೇ ಜನರು ನೊಂದವರ ಬಳಿ ಹೋಗಿ ಕ್ಷಮೆ ಬೇಡುತ್ತಾರೆ. 12ನೆಯ ಶತಮಾನದ ಪಂಡಿತ ಮೈಮೊನಿಡೀಸ್ ಹೇಳುವಂತೆ, ನೊಂದವನು ಒಪ್ಪದಿದ್ದರೆ ಮೂವರು ಸ್ನೇಹಿತರೊಡನೆ ಹೋಗಿ ಬೇಡಬೇಕು. ಹೀಗೆ ಮೂರು ಬಾರಿ ಬೇಡಿದರೂ ಒಪ್ಪದಿದ್ದರೆ ದೋಷ ಅವನದಾಗುತ್ತದೆ.

ಸರ್ವಶಕ್ತನಾದ ದೇವರು ಮನುಷ್ಯನ ಒಪ್ಪಿಗೆಗೆ ಏಕೆ ಕಾಯಬೇಕು? ದೇವರ ಕರುಣೆಗೆ ಮಿತಿಯುಂಟೆಂದಲ್ಲ. ನೊಂದವನೂ ದೇವರ ಮಗನೇ. ಅವನ ಕಣ್ಣೀರನ್ನು ಕಡೆಗಣಿಸಿ ನನ್ನೊಬ್ಬನನ್ನೇ ಸಂತೈಸಿದರೆ ಅದು ಕರುಣೆಯಲ್ಲ, ಪಕ್ಷಪಾತ.

ಪ್ರಭು ಯೇಸು ಹುಟ್ಟಿ ಬೆಳೆದದ್ದು ಇದೇ ಜನಾಂಗದಲ್ಲಿ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸೋದರನೊಡನೆ ರಾಜಿಯಾಗಬೇಕೆಂದು ಅವರು ಬೋಧಿಸಿದ್ದನ್ನು ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪಾಪನಿವೇದನೆಯಲ್ಲಿ ಕ್ಷಮೆ ದೊರೆತ ಮೇಲೂ ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂಬುದು ನಮ್ಮ ಧರ್ಮಸಭೆಯ ಬೋಧನೆ.

ಆದರೆ ನಾವು ಮಾಡುವುದೇನು? ಜಮೀನಿನ ಬದುವಿಗಾಗಿ, ಅಮ್ಮನ ಒಡವೆಗಾಗಿ ಒಡಹುಟ್ಟಿದವರೊಡನೆ ಮಾತು ಬಿಟ್ಟು, ಅದೇ ದೇವಾಲಯದ ಬೇರೆ ಬೇರೆ ಸಾಲುಗಳಲ್ಲಿ ಮೊಣಕಾಲೂರುತ್ತೇವೆ. ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು ಸುಲಭ, ಅಣ್ಣನ ಮುಂದೆ ಕಷ್ಟ.

ಮುಂದಿನ ಬಾರಿ ಪಾಪನಿವೇದನೆಗೆ ಸಿದ್ಧರಾಗುವಾಗ ನಾವು ನೋಯಿಸಿದ ಒಬ್ಬರ ಹೆಸರನ್ನು ನೆನೆಯೋಣ. ಅವರ ಮನೆ ಬಹುಶಃ ದೇವಾಲಯದ ದಾರಿಯಲ್ಲೇ ಇದ್ದೀತು.