ಆಟಿಯ ಲೆಕ್ಕ, ಪರ್ಬದ ಖರ್ಚು

ಆಟಿ ಕೈ ಕಟ್ಟಿ ಕೂರುವ ತಿಂಗಳಾಗಿತ್ತು. ಪತ್ರೊಡೆಗೆ ಕೆಸುವಿನೆಲೆ, ಪಲ್ಯಕ್ಕೆ ತಗಟೆ ಸೊಪ್ಪು, ಬೇಸಿಗೆಯಲ್ಲಿ ಎತ್ತಿಟ್ಟ ಹಲಸಿನ ಬೀಜ. ಹಿತ್ತಿಲೇ ಅಂಗಡಿ. ಈಗ ಪೇಟೆಯ ಬ್ಯಾನರಿನಲ್ಲಿ ‘ಆಟಿ ಸೇಲ್’. ಏನನ್ನೂ ಕೊಳ್ಳದ ತಿಂಗಳೇ ಎಲ್ಲವನ್ನೂ ಕೊಳ್ಳುವ ತಿಂಗಳಾಯಿತು.

ಆಟಿ ಅಮಾವಾಸ್ಯೆಯ ಹಾಲೆ ಕಷಾಯಕ್ಕೆ ಹಣ ಬೇಡ, ನಸುಕಿನಲ್ಲಿ ಏಳಬೇಕು. ಕಹಿಯನ್ನು ಯಾರೂ ಕಂತಿನಲ್ಲಿ ಮಾರುವುದಿಲ್ಲ.

ಹೊಸ ಚಾಲಿ ಅಡಿಕೆಗಿಂತ ಹಳೆ ಚಾಲಿಗೆ ದರ ಹೆಚ್ಚು. ಗೋಣಿ ಕಟ್ಟಿಟ್ಟು ವರ್ಷ ಕಾಯಬಲ್ಲ ಬೆಳೆಗಾರ, ಮೊಬೈಲಿನಲ್ಲಿ ಓಡುವ ಹತ್ತು ನಿಮಿಷದ ಗಡಿಯಾರಕ್ಕೆ ಸೋಲುತ್ತಾನೆ. ಮಾರುವಾಗಿನ ತಾಳ್ಮೆ ಕೊಳ್ಳುವಾಗ ಮನೆಯಲ್ಲೇ ಉಳಿಯುತ್ತದೆ.

ಅಡಿಕೆಯ ದರ ಕುಸಿದು, ಸಿಕ್ಕ ಬೆಲೆಗೆ ಮಾರಬೇಕಾದ ಕಾಲದಲ್ಲಿ, 1973ರಲ್ಲಿ, ಕ್ಯಾಂಪ್ಕೊ ಹುಟ್ಟಿತು. ಮಾರುವವನ ಅವಸರಕ್ಕೆ ಸಹಕಾರ ಸಂಘವಿದೆ. ಕೊಳ್ಳುವವನ ಅವಸರಕ್ಕೆ ಇಲ್ಲ. ಅಲ್ಲಿ ಪ್ರತಿಯೊಬ್ಬನೂ ಒಂಟಿ.

‘ಇನ್ನು ಎರಡೇ ಉಳಿದಿವೆ.’ ಈ ಮಾತು ದಿಟವಲ್ಲದಾಗ ಅದಕ್ಕೆ ಕಾನೂನು ಇಟ್ಟ ಹೆಸರು ಸುಳ್ಳು ಅವಸರ. ಗ್ರಾಹಕನನ್ನು ಬಲೆಗೆ ಕೆಡಹುವ 13 ಬಗೆಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಪಟ್ಟಿ ಮಾಡಿತು. ಹದಿನಾಲ್ಕನೆಯದು ನಮ್ಮೊಳಗಿದೆ. ಅದು ಯಾವ ಕಾನೂನಿಗೂ ಸಿಗದು.

ಬೀಡಿಯ ಮಜೂರಿ ಸಾವಿರಕ್ಕೆ ಇಷ್ಟೆಂದು. ಮಿಕ್ಸಿಯ ಬೆಲೆಯನ್ನು ರೂಪಾಯಿಯಲ್ಲಿ ಕೇಳಿದರೆ ಅಗ್ಗ, ಬೀಡಿಯಲ್ಲಿ ಕೇಳಿದರೆ ಬೆನ್ನು ನೋಯುತ್ತದೆ. ಎಲೆ ಕತ್ತರಿಸಿ ನೂಲು ಸುತ್ತಿದ ಬೆರಳಿಗೆ ಗೊತ್ತಿರುವ ಬೆಲೆ ಯಾವ ಚೀಟಿಯಲ್ಲೂ ಅಚ್ಚಾಗುವುದಿಲ್ಲ.

ಬೀಡಿ ಕಟ್ಟುವ ಕೈಯೇ ಮೊಬೈಲಿನ ಕಂತನ್ನೂ ಕಟ್ಟುತ್ತದೆ. ಮೊಬೈಲು ಮಾತ್ರ ಬೇರೊಬ್ಬರ ಕಿಸೆಯಲ್ಲಿ.

ಸಾಲದಲ್ಲಿ ಕೊಂಡ ದನ ತನ್ನ ಕಂತನ್ನು ತಾನೇ ಕಟ್ಟುತ್ತದೆ. ಸಾಲದಲ್ಲಿ ಕೊಂಡ ಸೋಫಾದ ಕಂತನ್ನೂ ದನವೇ ಕಟ್ಟುತ್ತದೆ.

ಬಡ್ಡಿಯಿಲ್ಲದ ಕಂತು ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಹೇಳಿತು. ಬಡ್ಡಿ ಸಾಯುವುದಿಲ್ಲ. ಚೌಕಿಗೆ ಹೋಗಿ, ಶುಲ್ಕದ ಬಣ್ಣ ಬಳಿದುಕೊಂಡು ಮತ್ತೆ ರಂಗಕ್ಕೆ ಬರುತ್ತದೆ.

ಶೇ. 50ರ ಮೇಲೆ ಇನ್ನೂ ಶೇ. 50 ಎಂದರೆ 100 ಅಲ್ಲ, 75. ಎರಡು ಕೊಂಡರೆ ಒಂದು ಉಚಿತ ಎಂದರೆ ಶೇ. 33, ಅದೂ ಮೂರು ಬೇಕಿದ್ದವನಿಗೆ.

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ದೊಡ್ಡ ಟಿವಿಯ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಇಳಿದದ್ದು ತೆರಿಗೆ, ಏರಿದ್ದು ಟಿವಿಯ ಇಂಚು.

ಕುರಲ್ ಪರ್ಬದಲ್ಲಿ ಹೊಸ ತೆನೆಯನ್ನು ಕಟ್ಟುವುದು ಹಳೆಯ ಕಂಬಕ್ಕೆ, ಅಕ್ಕಿ ಅಳೆಯುವ ಹಳೆಯ ಸೇರಿಗೆ. ಆಯುಧ ಪೂಜೆಯಲ್ಲಿ ಹೂ ಏರುವುದು ಸವೆದ ಕತ್ತಿಗೆ. ಅದೇ ವಾರ ಪೇಟೆ ಕೂಗುತ್ತದೆ: ಹಳೆಯದನ್ನು ತನ್ನಿ, ಎಕ್ಸ್‌ಚೇಂಜ್ ಇದೆ. ಬೆಳಿಗ್ಗೆ ಕೈ ಮುಗಿದದ್ದನ್ನು ಸಂಜೆ ತೂಕಕ್ಕೆ ಹಾಕುವುದೂ ಒಂದು ಹಬ್ಬವೇ.

ಜೈನ ಶ್ರಾವಕನ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಎಷ್ಟು ಸಾಕು ಎಂಬುದನ್ನು ಮೊದಲೇ ನಿಶ್ಚಯಿಸುವುದು. ಗೆರೆ ಮನೆಯಲ್ಲೇ ಎಳೆಯಬೇಕು. ಅಂಗಡಿಯಲ್ಲಿ ಎಳೆದರೆ ಸೀಮೆಸುಣ್ಣ ಅಂಗಡಿಯವನದು.

ಮೂಡುಬಿದಿರೆಯ ಕವಿ ರತ್ನಾಕರವರ್ಣಿಯ ಭರತ ಸಿರಿಯ ನಡುವೆ ವಿರಕ್ತ. ನಾವು ಸಿರಿಯಿಲ್ಲದೆಯೇ ಆಸಕ್ತರು.

ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹಬ್ಬದ ಬಟ್ಟೆಗೆ ಹೊರಟ ಬಸ್ಸು ವೇಣೂರನ್ನು ಹಾದು ಹೋಗುತ್ತದೆ. 1604ರಿಂದ ಅಲ್ಲೊಬ್ಬ ಬಾಹುಬಲಿ ನಿಂತಿದ್ದಾನೆ, 35 ಅಡಿ ಎತ್ತರ, ಮೈಮೇಲೆ ನೂಲೆಳೆಯೂ ಇಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟಿಗೇ ಜಗಳ, ನೋಟವೆಲ್ಲ ಮೊಬೈಲಿನಲ್ಲಿ.

ಖರ್ಚೇ ಪಾಪವಲ್ಲ. ಬಿಗಿಮುಷ್ಟಿಗೂ ಒಂದು ಮೋಹವಿದೆ, ಅದು ಜಾಣತನದ ವೇಷದಲ್ಲಿ ಓಡಾಡುತ್ತದೆ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ ಎದ್ದದ್ದೂ ಯಾರೋ ಕೈ ಬಿಚ್ಚಿದ್ದರಿಂದ. ವಾರಂಟಿ ಕಾರ್ಡಿಲ್ಲದೆ ಸುಮಾರು 600 ವರ್ಷ ನಿಂತಿದೆ.

1974ರಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಯೊಳಗೆ ನುಗ್ಗಿತು. ಕೊಳ್ಳುವ ಮುಂಚೆ ಕೇಳಿಕೊಳ್ಳಬಹುದಾದ ಪ್ರಶ್ನೆ: ನೆರೆ ಬಂದರೆ ಇದನ್ನು ಅಟ್ಟಕ್ಕೆ ಏರಿಸುತ್ತೇವೆಯೇ, ಬಿಟ್ಟು ಓಡುತ್ತೇವೆಯೇ?

ದೀಪಾವಳಿಯ ಅತಿಥಿ ಬಲೀಂದ್ರ. ಮೂರು ಹೆಜ್ಜೆ ಕೇಳಿದವನಿಗೆ ತಲೆಯನ್ನೂ ಒಡ್ಡಿದವನು. ಅವನ ಹಬ್ಬದಂದು ಅಂಗಡಿಯಲ್ಲಿ ನಮ್ಮ ಮೊದಲ ಮಾತು: ಇನ್ನೆಷ್ಟು ಬಿಡುತ್ತೀರಿ?

ಪರ್ಬದ ಮರುದಿನ ಮಕ್ಕಳು ಆಡುವುದು ಟಿವಿ ಬಂದ ಖಾಲಿ ಪೆಟ್ಟಿಗೆಯಲ್ಲಿ.

ಕೊಂಡಾಯಿತೆಂದರೆ ಬಿಲ್ಲನ್ನು ಎಸೆಯಬೇಡಿ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.