ನಿವೃತ್ತಿಯ ನಂತರದ ಒಂದು ಮಂಗಳವಾರ

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಹೊರಡುವ ಮೈಸೂರು ರಸ್ತೆ, ಕನಕಪುರ ರಸ್ತೆ, ಮಾಗಡಿ ರಸ್ತೆ ಮೂರೂ ಕಾರುಗಳಿಂದ ತುಂಬಿರುತ್ತವೆ. ಕೆಲವು ಕಾರುಗಳು ರಾಮದೇವರ ಬೆಟ್ಟಕ್ಕೋ ಸಾವನದುರ್ಗಕ್ಕೋ ಸಂಗಮಕ್ಕೋ ಹೊರಟಿದ್ದರೆ, ಇನ್ನು ಕೆಲವು ಜಾಗ ನೋಡಲು ಹೊರಟಿರುತ್ತವೆ. ಒಳಗೆ ಕೂತವರಿಗೆ ಐವತ್ತೈದರ ಆಸುಪಾಸು. ಹತ್ತು ಗುಂಟೆ ತೋಟ, ಹೆಂಚಿನ ಮನೆ, ಮುಂದೊಂದು ಜಗಲಿ, ನಾಲ್ಕು ಮಾವಿನ ಗಿಡ, ಸಾಧ್ಯವಾದರೆ ಒಂದು ಹಸು. ನಿವೃತ್ತಿಯ ಬದುಕು ಎಂದಾಗ ಹೆಚ್ಚಿನವರ ಕಣ್ಣ ಮುಂದೆ ಬರುವ ಚಿತ್ರ ಇದು.

ಆಸೆಯಲ್ಲಿ ತಪ್ಪಿಲ್ಲ. ಆದರೆ ಭಾನುವಾರ ನೋಡಿದ ಊರಿನಲ್ಲಿ ಬದುಕಬೇಕಾಗಿರುವುದು ವಾರದ ಏಳೂ ದಿನ. ಹಬ್ಬವೂ ಇಲ್ಲದ, ಮಕ್ಕಳೂ ಬರದ, ಯಾವ ಶುಭಕಾರ್ಯವನ್ನೂ ಇಟ್ಟುಕೊಳ್ಳದ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆ ಜಗಲಿಯ ಮೇಲೆ ಕೂತವರು ಏನು ಮಾಡುತ್ತಿರುತ್ತಾರೆ? ಅವರಿಗಾಗಿ ಯಾರು ಕಾಯುತ್ತಿರುತ್ತಾರೆ? ನಿವೃತ್ತಿಯ ಕಲ್ಪನೆ ಶುರುವಾಗಬೇಕಾದದ್ದು ಈ ಪ್ರಶ್ನೆಗಳಿಂದ. ದಿನ ಹೇಗಿರಬೇಕು ಎಂಬುದು ಗೊತ್ತಾದರೆ ಊರು ಯಾವುದು ಎಂಬುದು ತಾನಾಗಿ ತಿಳಿಯಾಗುತ್ತದೆ.

ಹದಿನೆಂಟು ವರ್ಷದ ಲೆಕ್ಕ

ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದ 1889ರ ಕಾಯ್ದೆ ವೃದ್ಧಾಪ್ಯ ಪಿಂಚಣಿಗೆ ನಿಗದಿ ಮಾಡಿದ ವಯಸ್ಸು 70. ಆಗ ಅಲ್ಲಿಯವರೆಗೆ ಬದುಕುವವರೇ ಕಡಿಮೆ. ನಿವೃತ್ತಿ ಎಂದರೆ ಕೊನೆಯ ಒಂದಷ್ಟು ದಿನಗಳ ವಿಶ್ರಾಂತಿ ಎಂಬ ಭಾವನೆ ಆ ಕಾಲಕ್ಕೆ ಸರಿಯಾಗಿತ್ತು. ಕರ್ನಾಟಕ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಿಂದ 60. ಅರವತ್ತು ತುಂಬಿದ ಭಾರತೀಯರು ಸರಾಸರಿ ಇನ್ನೂ ಹದಿನೆಂಟು ವರ್ಷದಷ್ಟು ಬದುಕುತ್ತಾರೆ. ಒಂದನೇ ತರಗತಿಗೆ ಸೇರಿದ ಮಗು ಓದು ಮುಗಿಸಿ, ಕೆಲಸ ಹಿಡಿದು ನೆಲೆ ನಿಲ್ಲುವಷ್ಟು ದೀರ್ಘ ಕಾಲ ಅದು. ಅಷ್ಟೂ ಕಾಲವನ್ನು ವಿಶ್ರಾಂತಿಯಿಂದಲೇ ತುಂಬುವುದು ಸಾಧ್ಯವಿಲ್ಲ. ಮೊದಲ ಮೂರು ತಿಂಗಳು ಸಿಹಿಯಾಗಿರುತ್ತದೆ. ಆಮೇಲೆ ಪತ್ರಿಕೆ ಓದಿ ಮುಗಿದರೂ ಗಂಟೆ ಒಂಬತ್ತೇ ಆಗಿರುತ್ತದೆ.

ಅಭ್ಯಾಸ ಮೊದಲು, ಜಾಗ ಆಮೇಲೆ

ಜಾಗವನ್ನೂ ಕೆಲಸವನ್ನೂ ಒಂದೇ ಕಡೆ ಕೂಡಿಸಿದ ದೊಡ್ಡ ಉದಾಹರಣೆ ರಾಮನಗರದಲ್ಲೇ ಇದೆ. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಪಕ್ಕದಲ್ಲಿರುವ ಜಾನಪದ ಲೋಕವನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿ, ಆಡಳಿತ ಸೇವೆಯಲ್ಲಿ ಹಿರಿಯ ಅಧಿಕಾರಿಯಾಗಿ ದುಡಿದವರು. ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿದ್ದು 1979ರಲ್ಲಿ. ಆಗ ಅವರಿಗೆ ಅರವತ್ತನಾಲ್ಕು. ಜಾನಪದ ಲೋಕ ಉದ್ಘಾಟನೆಯಾದದ್ದು 1994ರಲ್ಲಿ, ಆಗ ಎಪ್ಪತ್ತೊಂಬತ್ತು. ಅದರ ಮರುವರ್ಷ ಮುಧೋಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2005ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹದಿನೈದು ಎಕರೆಯಲ್ಲಿ ಬೀಸುವ ಕಲ್ಲಿನಿಂದ ಹಿಡಿದು ತೊಗಲುಗೊಂಬೆಯವರೆಗೆ, ಹಳ್ಳಿಯ ಬದುಕಿನ ಸಾವಿರಾರು ವಸ್ತುಗಳಿಗೆ ಒಂದು ನೆಲೆ ಸಿಕ್ಕಿತ್ತು.

ಗಮನಿಸಬೇಕಾದ ಸಂಗತಿ ಇದರ ಹಿಂದಿನ ತಯಾರಿ. ನಾಗೇಗೌಡರು ನಿವೃತ್ತಿಯಾದ ಮೇಲೆ ಜಾನಪದವನ್ನು ಹುಡುಕಿಕೊಂಡು ಹೋದವರಲ್ಲ. ಕೆಲಸದಲ್ಲಿದ್ದಾಗಲೇ ಹಾಡುವವರ ಬಳಿ ಕೂತು ಕೇಳುವುದು, ಬರೆದುಕೊಳ್ಳುವುದು, ಧ್ವನಿ ಮುದ್ರಿಸಿಡುವುದು ಅವರಿಗೆ ರೂಢಿಯಾಗಿತ್ತು. ಹೊರದೇಶದ ಪ್ರವಾಸಿಗರು ಕಂಡ ಭಾರತವನ್ನು ಎಂಟು ಸಂಪುಟಗಳಲ್ಲಿ ಕನ್ನಡಕ್ಕೆ ತಂದವರೂ ಅವರೇ. ಹುದ್ದೆ ಹೋದಾಗ ಅವರಿಗೆ ಸಿಕ್ಕಿದ್ದು ಬಿಡುವು. ಆ ಬಿಡುವಿಗೆ ಬೇಕಾದ ಕೆಲಸ ಮೊದಲೇ ಕೈಯಲ್ಲಿತ್ತು.

ಎಲ್ಲರೂ ಒಂದೊಂದು ವಸ್ತುಸಂಗ್ರಹಾಲಯ ಕಟ್ಟಬೇಕಾಗಿಲ್ಲ. ಐವತ್ತನೇ ವಯಸ್ಸಿನಲ್ಲಿ ವಾರಕ್ಕೆ ನಾಲ್ಕು ಗಂಟೆಯನ್ನು ಸಂಬಳವಿಲ್ಲದ ಒಂದು ಕೆಲಸಕ್ಕೆ ಕೊಡುವ ಅಭ್ಯಾಸವಿದ್ದರೆ ಸಾಕು. ಮಕ್ಕಳಿಗೆ ಗಣಿತ ಹೇಳಿಕೊಡುವುದು, ಕಸಿ ಕಟ್ಟುವುದು, ಹಳೆಯ ಶಾಸನಗಳನ್ನು ಓದಲು ಕಲಿಯುವುದು, ಭಜನೆ ತಂಡದಲ್ಲಿ ಹಾರ್ಮೋನಿಯಂ ನುಡಿಸುವುದು, ಯಾವುದಾದರೂ ಆಗಬಹುದು. ಐವತ್ತರಲ್ಲಿ ನಾಲ್ಕು ಗಂಟೆ ಸಿಗದ ಕೆಲಸಕ್ಕೆ ಅರವತ್ತೊಂದರಲ್ಲಿ ಇಡೀ ದಿನ ಸಿಕ್ಕೀತು ಎಂದು ನಂಬುವುದು ಕಷ್ಟ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರಿಗೆ ಹುದ್ದೆಯೂ ಇರಲಿಲ್ಲ, ಪಿಂಚಣಿ ಪುಸ್ತಕವೂ ಇರಲಿಲ್ಲ. ಕೂಲಿ ಮಾಡಿ ಬದುಕುತ್ತಿದ್ದ ದಂಪತಿ, ತಿಮ್ಮಕ್ಕ ಮತ್ತು ಚಿಕ್ಕಯ್ಯ, ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೂ ಆಲದ ಸಸಿಗಳನ್ನು ನೆಟ್ಟರು. ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ದನಕರು ಮೇಯದಂತೆ ಮುಳ್ಳುಬೇಲಿ ಕಟ್ಟಿದರು. 1991ರಲ್ಲಿ ಗಂಡ ತೀರಿಕೊಂಡ ಮೇಲೂ ತಿಮ್ಮಕ್ಕ ಗಿಡಮರಗಳ ಕೆಲಸ ಬಿಡಲಿಲ್ಲ. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರು ಕಣ್ಮುಚ್ಚುವವರೆಗೂ ಆ ಸಾಲುಮರಗಳೇ ಅವರ ಹೆಸರಿನ ಮುಂದಿದ್ದವು. ಅವರ ಕೆಲಸ ಮನೆಯಿಂದ ನಡೆದುಹೋಗುವ ದೂರದಲ್ಲಿತ್ತು, ದಿನವೂ ಇತ್ತು, ತಪ್ಪಿಸಿದರೆ ಯಾವುದೋ ಒಂದು ಜೀವಕ್ಕೆ ತೊಂದರೆಯಾಗುವಂಥದ್ದಾಗಿತ್ತು. ವಯಸ್ಸಾದವರ ದಿನಕ್ಕೆ ಕೆಲಸ ಹುಡುಕುವಾಗ ಈ ಮೂರೂ ಗುಣಗಳು ನೆನಪಿನಲ್ಲಿರಲಿ.

ನಾಲ್ಕು ಊರು, ನಾಲ್ಕು ಬಗೆಯ ದಿನ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದ ರಾಮನಗರ ಜಿಲ್ಲೆಯ ಊರುಗಳು ದೂರದಿಂದ ಒಂದೇ ಥರ ಕಾಣುತ್ತವೆ. ಇದ್ದು ನೋಡಿದರೆ ಒಂದೊಂದರ ದಿನಚರಿಯೂ ಬೇರೆ.

ರಾಮನಗರದಲ್ಲಿ ಬೆಳಗಾಗುವುದು ರೇಷ್ಮೆಗೂಡಿನ ಮಾರುಕಟ್ಟೆಯ ಗಡಿಬಿಡಿಯೊಂದಿಗೆ. ರೈಲು ನಿಲ್ದಾಣವಿದೆ, ಬೆಂಗಳೂರಿಗೆ ಐವತ್ತು ಕಿಲೋಮೀಟರ್ ಆಸುಪಾಸು. ಕಾರು ಓಡಿಸುವುದನ್ನು ಎಪ್ಪತ್ತರಲ್ಲಿ ಬಿಡಬೇಕಾದವರಿಗೆ ರೈಲು ಹತ್ತಿರವಿರುವುದು ದೊಡ್ಡ ಭರವಸೆ. ಜನರ ನಡುವೆ ಇದ್ದು ಅಭ್ಯಾಸವಾದವರಿಗೆ ಊರಂಚಿನ ತೋಟಕ್ಕಿಂತ ಪೇಟೆಯೊಳಗಿನ ಸಣ್ಣ ಮನೆಯೇ ಹಿತ.

ಚನ್ನಪಟ್ಟಣಕ್ಕೂ ರೈಲಿದೆ. ಆಲೆ ಮರದ ತುಂಡನ್ನು ಯಂತ್ರಕ್ಕೆ ಹಾಕಿ, ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ ಬೊಂಬೆ ಮಾಡುವ ಕೈಗಳಲ್ಲಿ ವಯಸ್ಸಾದವರವೂ ಇವೆ. ಕೈಕೆಲಸದಲ್ಲಿ ಆಸಕ್ತಿಯಿರುವವರಿಗೆ ಕಲಿಯಲು, ಕುಶಲಕರ್ಮಿಗಳ ಲೆಕ್ಕಪತ್ರ, ಮಾರಾಟಕ್ಕೆ ನೆರವಾಗಲು ಇಲ್ಲಿ ಅವಕಾಶವಿದೆ. ಸಂಕ್ರಾಂತಿಯ ಹೊತ್ತಿಗೆ ಕೆಂಗಲ್ ಅಯ್ಯನಗುಡಿಯಲ್ಲಿ ದನಗಳ ಜಾತ್ರೆ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬದಿಗಿಟ್ಟು ಹೋಗಿದೆ. ಹಳೆಯ ರಸ್ತೆಯ ಬೊಂಬೆ ಅಂಗಡಿಗಳಿಗೆ ಅದರಿಂದ ಏಟು ಬಿದ್ದರೂ ಊರೊಳಗೆ ನಡೆದಾಡುವವರಿಗೆ ನಿರಾಳ. ಸ್ಕೂಟರನ್ನು ಮಾತ್ರ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬಿಡುವುದಿಲ್ಲ.

ಕನಕಪುರಕ್ಕೆ ರೈಲಿಲ್ಲ. ಬೆಂಗಳೂರಿನ ಮೆಟ್ರೋ 2021ರಲ್ಲಿ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಬಂದಿದೆ. ಅಲ್ಲಿಂದ ಮುಂದೆ ಬಸ್ಸೇ ಗತಿ. ದಕ್ಷಿಣಕ್ಕೆ ಹೋದಷ್ಟೂ ಕಾಡು ಹತ್ತಿರವಾಗುತ್ತದೆ, ಕಾವೇರಿ ವನ್ಯಜೀವಿಧಾಮ ಅಲ್ಲೇ ಇದೆ. ಆನೆಗಳು ತೋಟಕ್ಕೆ ಇಳಿಯುವ ಕಡೆ ಬಾಳೆ, ಹಲಸು, ಮಾವು ಬೆಳೆಯುವುದೆಂದರೆ ರಾತ್ರಿ ಕಾವಲಿಗೂ ಸಿದ್ಧರಿರಬೇಕು. ಅರವತ್ತೆರಡರಲ್ಲಿ ಅದು ಉಮೇದು, ಎಪ್ಪತ್ತೈದರಲ್ಲಿ ನಿದ್ದೆಗೇಡು.

ಮಾಗಡಿ ಕಡೆ ಸಾವನದುರ್ಗದ ಬಂಡೆ, ಮಂಚನಬೆಲೆಯ ನೀರು, ಬೆಟ್ಟಗುಡ್ಡಗಳ ನಡುವಿನ ಹಳ್ಳಿಗಳು. ಏಕಾಂತ ಬಯಸುವವರಿಗೆ ಇದು ಹೇಳಿಮಾಡಿಸಿದ ಜಾಗ. ಇಲ್ಲೂ ರೈಲಿಲ್ಲ, ಚಿರತೆಯ ಓಡಾಟವಿರುವ ಪ್ರದೇಶ ಬೇರೆ. ಇಲ್ಲಿ ಮನೆ ನೋಡುವವರು ರಾತ್ರಿ ಹನ್ನೊಂದಕ್ಕೆ ಎದೆನೋವು ಬಂದರೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಎಷ್ಟು ಹೊತ್ತು ಬೇಕು ಎಂಬುದನ್ನು ಒಮ್ಮೆ ಆ ಹೊತ್ತಿನಲ್ಲೇ ಗಾಡಿ ಓಡಿಸಿ ತಿಳಿದುಕೊಳ್ಳುವುದು ಒಳ್ಳೆಯದು.

ತೋಟದ ಕನಸಿಗೆ ಎರಡು ಪರೀಕ್ಷೆ

ಮೊದಲನೆಯದು ಮೈಯ ಪರೀಕ್ಷೆ. ಈ ಸೀಮೆಯ ರೈತರ ಕೈ ಹಿಡಿದಿರುವ ರೇಷ್ಮೆ ಕೃಷಿಯನ್ನೇ ನೋಡಿ. ಹುಳುವಿಗೆ ದಿನಕ್ಕೆ ಮೂರ್ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಪೊರೆ ಕಳಚುವ ನಾಲ್ಕು 'ಜ್ವರ' ದಾಟಿ ಹುಳು ಹಣ್ಣಾಗುವವರೆಗೆ ಇಪ್ಪತ್ತೈದು ದಿನದಷ್ಟು ಕಾಲ ಮನೆಮಂದಿ ಊರು ಬಿಟ್ಟು ಕದಲುವಂತಿಲ್ಲ. ಹಸು ಸಾಕಿದರೆ ವರ್ಷವಿಡೀ ಬೆಳಿಗ್ಗೆ ಸಂಜೆ ಹಾಲು ಕರೆಯಬೇಕು. ಮಕ್ಕಳು ಅಮೆರಿಕಕ್ಕೆ ಕರೆದಾಗ ಮೂರು ತಿಂಗಳು ಹೋಗಿಬರುವ ಆಸೆಯೂ ಹಸುವಿನ ಆಸೆಯೂ ಒಟ್ಟಿಗೆ ನಡೆಯುವುದಿಲ್ಲ. ನಾಲ್ಕು ಮಡಿ ಸೊಪ್ಪು, ಹತ್ತು ತೆಂಗಿನ ಮರ, ಒಂದು ಕರಿಬೇವು ಇದ್ದರೂ ತೋಟವೇ.

ಎರಡನೆಯದು ಕಾಗದದ ಪರೀಕ್ಷೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗೆಂದು ಕೊಂಡ ಜಮೀನೆಲ್ಲ ನಿಲ್ಲುತ್ತದೆ ಎಂದಲ್ಲ. ಪಹಣಿಯಲ್ಲಿ ಒಬ್ಬರ ಹೆಸರಿದೆಯೇ ಹಲವರದಿದೆಯೇ, ಪೋಡಿ ಆಗಿದೆಯೇ, ಮ್ಯುಟೇಷನ್ ಸರಿಯಿದೆಯೇ, ಗೋಮಾಳದ ಒತ್ತುವರಿಯೇ ಎಂದು ನೋಡಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯ ಪ್ರಕಾರ ಆ ಕ್ರಯ ಊರ್ಜಿತವಲ್ಲ. 2023ರ ತಿದ್ದುಪಡಿ ಅಂಥ ಜಮೀನನ್ನು ಮರಳಿ ಕೇಳಲು ಇದ್ದ ಕಾಲಮಿತಿಯ ತೊಡಕನ್ನೂ ತೆಗೆದಿದೆ. ಜೀವಮಾನದ ಉಳಿತಾಯ ಕಳೆದುಕೊಳ್ಳುವ ಭಯ ಒಂದು ಕಡೆಗಿರಲಿ. ಒಂದು ಬಡ ಕುಟುಂಬಕ್ಕೆ ಆಸರೆಯಾಗಿ ಸಿಕ್ಕ ತುಂಡು ನೆಲದ ಮೇಲೆ ತಮ್ಮ ನೆಮ್ಮದಿಯ ಮನೆ ಕಟ್ಟಿಕೊಳ್ಳುವುದು ಮನಸ್ಸಾಕ್ಷಿಯಿರುವ ಯಾರಿಗೂ ಒಪ್ಪಿಗೆಯಾಗದು.

ಕುರ್ಚಿಯಿಲ್ಲದೆ ಬದುಕುವುದು

ಮೂವತ್ತು ವರ್ಷ ಹೇಳಿದ್ದನ್ನು ಕೇಳುವ ಜನರ ನಡುವೆ ಇದ್ದವರಿಗೆ ಹಳ್ಳಿಯ ಮೊದಲ ವರ್ಷ ಕಷ್ಟ. ಊರವರು 'ಸಾರ್' ಎಂದು ಮರ್ಯಾದೆ ಕೊಟ್ಟೇ ಮಾತಾಡಿಸುತ್ತಾರೆ, ಆದರೆ ರಾಗಿ ಯಾವಾಗ ಬಿತ್ತಬೇಕೆಂದು ಸಾರನ್ನು ಕೇಳುವುದಿಲ್ಲ. ಪಕ್ಕದ ಹೊಲದ ಹಿರಿಯರನ್ನು ಅಣ್ಣ, ಅಕ್ಕ ಎಂದು ಕರೆದು ಅವರಿಂದ ಕೇಳಿ ತಿಳಿಯುವುದು, ಕೂಲಿಯನ್ನು ಅಂದಂದೇ ಕೊಡುವುದು, ಬೇಲಿ ಹಾಕುವ ಮೊದಲು ಎತ್ತಿನ ಗಾಡಿಯ ಹಳೆಯ ದಾರಿ ಎಲ್ಲಿತ್ತೆಂದು ವಿಚಾರಿಸುವುದು, ಊರಿನ ಮದುವೆಗೂ ಸಾವಿಗೂ ಹೋಗಿಬರುವುದು ಇವೆಲ್ಲ ಹೊಸ ಊರು ಒಬ್ಬರನ್ನು ತನ್ನವರೆಂದು ಒಪ್ಪಿಕೊಳ್ಳಲು ಬೇಕಾದ ನಡವಳಿಕೆಗಳು. ಇವನ್ನು ಕಚೇರಿಯಲ್ಲಿದ್ದಾಗಲೇ ಕಲಿಯಬಹುದು. ಜವಾನನನ್ನು ಹೆಸರು ಹಿಡಿದು ಗೌರವದಿಂದ ಕರೆಯುವುದು, ತಮ್ಮ ಲೋಟ ತಾವೇ ತೊಳೆಯುವುದು, ಸಭೆಯಲ್ಲಿ ಕೊನೆಗೆ ಮಾತಾಡುವುದು ಒಳ್ಳೆಯ ಆರಂಭ.

ಕೊಳ್ಳುವ ಮೊದಲು ಬಾಡಿಗೆಗೆ ಇದ್ದು ನೋಡುವುದು ಎಲ್ಲಕ್ಕಿಂತ ಅಗ್ಗದ ಪಾಠ. ಬೋರ್‌ವೆಲ್ ಬತ್ತುವ ಏಪ್ರಿಲ್, ಕರೆಂಟು ಹೋಗುವ ಮಳೆಗಾಲ, ಯಾರೂ ಬಾರದ ಚಳಿಯ ಸಂಜೆ ಇವು ಮೂರನ್ನೂ ಆ ಊರಿನಲ್ಲಿ ಕಳೆದವರ ತೀರ್ಮಾನಕ್ಕೆ ತೂಕವಿರುತ್ತದೆ. ಬೆಂಗಳೂರಿನ ಮನೆಯನ್ನು ಆತುರದಿಂದ ಮಾರಬೇಕಿಲ್ಲ, ಪ್ರೀತಿಯ ಭರದಲ್ಲಿ ಮಕ್ಕಳ ಹೆಸರಿಗೆ ಬರೆದುಕೊಡಲೂಬೇಕಿಲ್ಲ. ಕೊಡುವುದಾದರೆ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಬೇಕು. ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಿಕೊಳ್ಳಲು ಹಿರಿಯ ನಾಗರಿಕರಿಗಾಗಿ ಬಂದ 2007ರ ಕಾಯ್ದೆಯ 23ನೇ ಸೆಕ್ಷನ್ ದಾರಿ ಮಾಡಿಕೊಟ್ಟಿದೆ.

ಮನೆಯ ಇನ್ನೊಬ್ಬರ ನಿವೃತ್ತಿ

ಇಷ್ಟೆಲ್ಲ ಯೋಚಿಸುವವರು ಸಾಮಾನ್ಯವಾಗಿ ಮರೆಯುವುದು ಹೆಂಡತಿಯ ನಿವೃತ್ತಿಯನ್ನು. ಗಂಡನಿಗೆ ಅರವತ್ತಾದ ದಿನ ಕಚೇರಿಯಲ್ಲಿ ಹಾರ ಹಾಕುತ್ತಾರೆ. ಅಡುಗೆಮನೆಗೆ ಅಂಥ ದಿನವೇ ಇಲ್ಲ. ಬದಲಿಗೆ ಮಧ್ಯಾಹ್ನದ ಒಂದು ಊಟ, ನಾಲ್ಕು ಗಂಟೆಯ ಒಂದು ಕಾಫಿ ಹೆಚ್ಚುತ್ತದೆ. ತೋಟದ ಮನೆಗೆ ಹೋದರೆ ವಾರಕ್ಕೊಮ್ಮೆ ಬರುವ ನೆಂಟರ ಅಡುಗೆಯೂ ಸೇರುತ್ತದೆ. ಗಂಡನ ಕನಸಿನ ಏಕಾಂತ ಹೆಂಡತಿಗೆ ಒಂಟಿತನ ಆಗಬಹುದು. ಅವರ ಗೆಳತಿಯರು, ದೇವಸ್ಥಾನ, ಸಂಗೀತದ ತರಗತಿ, ತಂಗಿಯ ಮನೆ ಎಲ್ಲ ನಗರದಲ್ಲೇ ಉಳಿದಿರುತ್ತವೆ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ತಮಗೆ ಬೇಕಾದ ದಿನಚರಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಬೇರೆ ಬೇರೆ ಹಾಳೆಯಲ್ಲಿ ಬರೆದು, ಆಮೇಲೆ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಹೊಂದದ ಕಡೆ ಮಾತುಕತೆ ನಡೆಯಬೇಕು, ಮುಂಗಡ ಕೊಡುವುದಕ್ಕೆ ಮೊದಲೇ.

ಆ ಮಾತುಕತೆಯಲ್ಲಿ ತಪ್ಪದೆ ಬರಬೇಕಾದ ವಿಷಯ ಇನ್ನೊಂದಿದೆ: ಇಬ್ಬರಲ್ಲಿ ಒಬ್ಬರೇ ಉಳಿದಾಗ ಆ ಮನೆಯಲ್ಲಿ ಇರಬಲ್ಲರೇ? ಗಂಡ ಅನ್ನ, ಸಾರು, ಪಲ್ಯ ಮಾಡಲು ಕಲಿತಿರಬೇಕು. ಹೆಂಡತಿಗೆ ಬ್ಯಾಂಕಿನ ವ್ಯವಹಾರ, ಕುಟುಂಬ ಪಿಂಚಣಿಯ ಕಾಗದ, ಪ್ರತಿ ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರದ ವಿಚಾರ ಗೊತ್ತಿರಬೇಕು. ಪಂಪ್‌ಸೆಟ್ ಕೆಟ್ಟರೆ, ಕರೆಂಟು ಹೋದರೆ ಯಾರಿಗೆ ಫೋನ್ ಮಾಡಬೇಕೆಂಬ ಪಟ್ಟಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿರಬೇಕು. ಅದರಲ್ಲಿ ಹಿರಿಯರ ಸಹಾಯವಾಣಿ 14567 ಕೂಡ ಇರಲಿ. ಬಾಡಿಗೆಯ ಮನೆಯಲ್ಲಿರುವಾಗ ಒಂದು ವಾರ ಗಂಡ ಒಬ್ಬರೇ, ಇನ್ನೊಂದು ವಾರ ಹೆಂಡತಿ ಒಬ್ಬರೇ ಅಲ್ಲಿದ್ದು ನೋಡಲಿ. ಐವತ್ತೆಂಟರಲ್ಲಿ ಇದನ್ನು ಶುರು ಮಾಡಿದವರಿಗೆ ಕಲಿಯಲು, ಮನಸ್ಸು ಬದಲಿಸಲು, ಬೇಕಿದ್ದರೆ ಬೇರೆ ಊರು ಹುಡುಕಲು ಎರಡು ವರ್ಷ ಕೈಯಲ್ಲಿರುತ್ತದೆ.