ರಸಪರಿತ್ಯಾಗವೂ ಹೃದಯರಕ್ಷಣೆಯೂ



“ನಾವು ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿದವರು, ಕೊಲೆಸ್ಟರಾಲ್ ನಮ್ಮನ್ನೇನು ಮಾಡೀತು?” ಎಂಬ ಮಾತು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಮದವಾಗಿದೆ.

ಅಷ್ಟಮಿ, ಚತುರ್ದಶಿಗಳ ಉಪವಾಸವನ್ನು ಎಂದೂ ತಪ್ಪಿಸದಿದ್ದ ನನ್ನ ಅಣ್ಣನವರು ಹೃದಯಾಘಾತದಿಂದ ತೀರಿಕೊಂಡರು. ವ್ರತನಿಷ್ಠರಿಗೂ ಹೀಗಾಗಬಹುದೇ ಎಂದು ಬಹುದಿನ ಕೊರಗಿದೆನು. ಆಗ ಅವರ ಪಾರಣೆಯ ಎಲೆ ಕಣ್ಣಮುಂದೆ ನಿಂತಿತು. ಹೋಳಿಗೆಯ ಮೇಲೆ ತುಪ್ಪ, ಅದರ ಮೇಲೆ ಮತ್ತೆ ತುಪ್ಪ. ಒತ್ತಾಯದಿಂದ ಬಡಿಸಿದವರಲ್ಲಿ ನಾನೂ ಒಬ್ಬನು. ರೋಗಕ್ಕೆ ಕಾರಣ ಒಂದೇ ಎನ್ನಲಾಗದು. ಆದರೂ ಆ ಎಲೆಯನ್ನು ನಾನು ಮರೆಯಲಾರೆ.

ಕೊಲೆಸ್ಟರಾಲ್ ಮೇಣದಂತಹ ಒಂದು ವಸ್ತು. ಜೀವಕೋಶಗಳ ಪೊರೆಗೂ ಪಿತ್ತರಸಕ್ಕೂ ಅದು ಬೇಕು. ನಮ್ಮ ಯಕೃತ್ತೇ ಅದನ್ನು ತಯಾರಿಸುತ್ತದೆ. ಎಲ್.ಡಿ.ಎಲ್. ಎಂಬ ರೂಪದಲ್ಲಿ ಅದು ರಕ್ತದಲ್ಲಿ ಮಿತಿಮೀರಿದರೆ ರಕ್ತನಾಳದ ಒಳಗೋಡೆಯಲ್ಲಿ ಸಂಚಯವಾಗಿ ಹೃದಯದ ದಾರಿಯನ್ನು ಕಿರಿದುಗೊಳಿಸುತ್ತದೆ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಪಟ್ಟಣದಲ್ಲಿ ಆರಂಭವಾದ ದೀರ್ಘ ಅಧ್ಯಯನವು ಅಧಿಕ ಕೊಲೆಸ್ಟರಾಲ್, ರಕ್ತದೊತ್ತಡ, ಧೂಮಪಾನಗಳಿಗೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟಿತು. ಕಾಳು, ಸೊಪ್ಪು, ಹಣ್ಣುಗಳಲ್ಲಿ ಕೊಲೆಸ್ಟರಾಲ್ ಇಲ್ಲವೆನ್ನಬಹುದು. ಆದರೆ ತುಪ್ಪ, ಬೆಣ್ಣೆಗಳಲ್ಲಿ ಅದೂ ಉಂಟು, ಎಲ್.ಡಿ.ಎಲ್. ಹೆಚ್ಚಿಸುವ ಗಟ್ಟಿ ಕೊಬ್ಬೂ ಉಂಟು. ಆ ಕೊಬ್ಬು ತೆಂಗಿನೆಣ್ಣೆ, ತಾಳೆ ಎಣ್ಣೆಗಳಲ್ಲಿಯೂ ಇದೆ. ವನಸ್ಪತಿಯಲ್ಲಿನ ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು. 2022ರಿಂದ ಸರ್ಕಾರವು ಅದನ್ನು ನೂರಕ್ಕೆ 2ರ ಮಿತಿಗೆ ಇಳಿಸಿದೆ.

ನಮ್ಮ ಆಚಾರ್ಯರು ಹೇಳಿದ ಆರು ಬಾಹ್ಯತಪಗಳಲ್ಲಿ ಅನಶನವು ಮೊದಲನೆಯದು. ಹೊಟ್ಟೆಗೆ ಕಡಿಮೆ ಉಣ್ಣುವ ಅವಮೌದರ್ಯ ಎರಡನೆಯದು, ರಸಪರಿತ್ಯಾಗ ನಾಲ್ಕನೆಯದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವೇ ಆ ರಸಗಳು. ನಾವು ಅನಶನವನ್ನು ಹಿಡಿದು ಉಳಿದೆರಡನ್ನು ಬಿಟ್ಟೆವು! ಒಂದು ದಿನ ನಾಲಗೆಯನ್ನು ಕಟ್ಟಿ, ಮರುದಿನ ಅದಕ್ಕೆ ದಾಸರಾದರೆ ಗೆದ್ದವರು ಯಾರು?

ಹಾಗೆಂದು ಕೊಲೆಸ್ಟರಾಲ್ ಇಳಿಸಲೆಂದು ವ್ರತ ಹಿಡಿಯಬೇಡಿ. ವ್ರತದ ಗುರಿ ಇಂದ್ರಿಯಜಯ ಮತ್ತು ಕರ್ಮನಿರ್ಜರೆ. ನಮ್ಮ ತೊಂಡೇಬಾವಿಯ ರೈತನು ರಾಗಿಗಾಗಿ ಬಿತ್ತುತ್ತಾನೆ. ಹುಲ್ಲು ತಾನಾಗಿ ದೊರೆಯುತ್ತದೆ. ದೇಹಾರೋಗ್ಯವು ಆ ಹುಲ್ಲಿನಂತೆ.

ಇನ್ನೊಂದು ಮಾತು. ಆಹಾರ ಶುದ್ಧವಾಗಿದ್ದರೂ ವಂಶಪಾರಂಪರ್ಯದಿಂದ ಕೆಲವರಿಗೆ ಕೊಲೆಸ್ಟರಾಲ್ ಹೆಚ್ಚಿರುತ್ತದೆ. ಅಂಥವರು ಔಷಧ ಸೇವಿಸಿದರೆ ಅದು ವ್ರತಕ್ಕೆ ಕುಂದಲ್ಲ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿದ ಧರ್ಮ ನಮ್ಮದು. ಹೃದ್ರೋಗಿಗಳು ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಿ, ಶಕ್ತ್ಯನುಸಾರ ಏಕಾಶನವನ್ನೋ ಒಂದು ರಸದ ತ್ಯಾಗವನ್ನೋ ಕೈಗೊಳ್ಳಲಿ. ಉಪವಾಸದ ನಡುವೆ ಎದೆನೋವು ಬಂದರೆ ಅದನ್ನು ತಪಸ್ಸೆಂದು ಸಹಿಸದೆ ಕೂಡಲೇ ಆಸ್ಪತ್ರೆಗೆ ಹೋಗಲಿ.

ಮಾತೆಯರೇ, ಬರುವ ದಶಲಕ್ಷಣ ಪರ್ವದ ಪಾರಣೆಗೆ ಹೆಸರುಬೇಳೆ, ರಾಗಿಗಂಜಿ, ಹಣ್ಣುಗಳು ಸಾಕು. ಬೇಡವೆಂದವರ ಎಲೆಗೆ ತುಪ್ಪ ಸುರಿಯದಿರುವುದೂ ಒಂದು ದಯೆಯೇ. ಈ ಪಾಠವನ್ನು ನಾನು ತಡವಾಗಿ ಕಲಿತೆನು. ನೀವು ಇಂದೇ ಕಲಿಯಿರಿ.

ಜೈ ಜಿನೇಂದ್ರ.